ಕಾಲು ಮುಂದಾಗಿ ಹುಟ್ಟಿದವನ ಒದೆ

"ಬೋರಲು ಬಿದ್ಕೊಳೋ ಸೂಳೆಮಗ್ನೆ! ನಾಟ್ಕ ಆಡ್ತೀಯಾ? ಒಂದೇ ಒದೆಗೆ ನಿನ್ ಚಳುಕು ಬುಡಿಸ್ತೀನಿ."

ನನ್ನ ಗಂಡ ಕದರಯ್ಯ ತೆಂಗಿನ ಸಿಪ್ಪೆಯ ರಾಶಿಯ ಪಕ್ಕ ಬೋರಲಾಗಿ ಮಲಗಿದ. ತೋಟದ ಯಜಮಾನ ಪರಮಶಿವಯ್ಯ ಪಂಚೆ ಎತ್ತಿ ಕಟ್ಟಿ, ಅವನ ಸೊಂಟಕ್ಕೆ ಹಿಮ್ಮಡಿಯಿಂದ ಒದ್ದ. ಆಮೇಲೆ ನಲ್ಲಿ ತಿರುಗಿಸಿ ಕಾಲು ತೊಳೆದುಕೊಂಡ. ನಮ್ಮನ್ನು ಸೋಕಿದಾಗಲೆಲ್ಲ ಅವನು ತೊಳೆದುಕೊಳ್ಳುತ್ತಾನೆ.

ಪರಮಶಿವಯ್ಯ ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಬಂದವನು. ಅಂಥವರು ಒದ್ದರೆ ಸೊಂಟದ ಚಳುಕು ಹೋಗುತ್ತದೆಂದು ಕಡಬದ ಸುತ್ತ ಎಲ್ಲರೂ ನಂಬುತ್ತಾರೆ. ಗುಬ್ಬಿಯಿಂದ ಮೇಷ್ಟ್ರುಗಳೂ ಎಲೆ ಅಡಿಕೆ ಹಿಡಿದು ಬರುತ್ತಾರೆ. ಅವರಿಗಾದರೆ ಕೈಮುಗಿದು, ಕಾಲ್ಬೆರಳ ತುದಿಯಿಂದ ಮೆಲ್ಲಗೆ ಸೋಕಿಸಿ ಕಳಿಸುತ್ತಾನೆ. ನಮಗೆ ಪೂರಾ ಹಿಮ್ಮಡಿ. ಜಾತಿ ನೋಡಿ ಔಷಧಿ ಅಳೆಯುವ ವೈದ್ಯ!

ಕದರಯ್ಯ ಕಾಯಿ ಸುಲಿಯುವವನು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ, ಬಗ್ಗಿ, ಮೈ ತಿರುಚಿ ಸುಲಿಯಬೇಕು. ದಿನವಿಡೀ ಅದೇ ಕೆಲಸ. ಅವನ ನೋವು ಕುಂಡಿಯಿಂದ ಹೊರಟು, ತೊಡೆಯ ಹಿಂದೆ ಇಳಿದು, ಹೆಬ್ಬೆರಳಿನ ತನಕ ಕರೆಂಟು ಹೊಡೆದ ಹಾಗೆ ಓಡುತ್ತಿತ್ತು. ಕೆಮ್ಮಿದರೂ ಕಣ್ಣಲ್ಲಿ ನೀರು. ಒದೆ ತಿಂದ ಮಾರನೇ ದಿನ ಪಾದ ಎತ್ತಲಾಗದೆ ಎಳೆಯತೊಡಗಿದ. ಚಪ್ಪಲಿ ಕಳಚಿ ಬಿದ್ದರೂ ಅವನಿಗೆ ಗೊತ್ತಾಗಲಿಲ್ಲ. ಯಾರನ್ನೂ ಕೇಳದೆ ತುಮಕೂರಿನ ಬಸ್ಸು ಹತ್ತಿಸಿದೆ.

ಆಸ್ಪತ್ರೆಯಲ್ಲಿ ಡಾಕ್ಟರ್ ಸಂಧ್ಯಾ ಅವನ ಕಾಲು ಎತ್ತಿಸಿ, ಪಾದ ತಳ್ಳಿಸಿ ನೋಡಿದರು. ಸ್ಕ್ಯಾನ್ ಮಾಡಿಸಿದರು.

"ನೋವು ಕಾಲಲ್ಲಿ, ಕಾಯಿಲೆ ಸೊಂಟದಲ್ಲಿ ಕಣಮ್ಮ. ಮೂಳೆಗಳ ನಡುವೆ ಮೆತ್ತೆ ಥರ ಡಿಸ್ಕ್ ಇರುತ್ತೆ. ಬಗ್ಗಿ ಬಗ್ಗಿ, ತಿರುಚಿ ತಿರುಚಿ ಅದು ಉಬ್ಬಿದೆ, ಕಾಲಿಗಿಳಿಯೋ ನರ ಒತ್ತುತಾ ಇದೆ. ಎಷ್ಟೋ ಜನಕ್ಕೆ ಮಾತ್ರೆ, ವ್ಯಾಯಾಮದಲ್ಲೇ ವಾಸಿಯಾಗುತ್ತೆ. ಮಲಗೇ ಇರೋದೂ ಬೇಡ, ಆದಷ್ಟು ನಡೀಲಿ. ಆದ್ರೆ ಕಾಯಿ ಸುಲಿಯೋದು ನಿಲ್ಲಬೇಕು. ಪಾದ ಸೋತಿದೆ, ಬೇಗ ಮತ್ತೆ ತೋರಿಸಿ, ಆಪರೇಷನ್ ಬೇಕಾಗಬಹುದು. ಉಚ್ಚೆ ಕಟ್ಟಿದ್ರಂತೂ ಆ ಕ್ಷಣಾನೇ ಓಡಿಬನ್ನಿ."

ಅಂಗಿ ಎತ್ತಿ ನೋಡಿದವರು ಸೊಂಟದ ಮೇಲೆ ಬೆರಳಿಟ್ಟರು. "ಇದೇನಿದು, ಹೀಗೆ ಕಂದಿದೆ?"

"ಯಜಮಾನ್ರು ಒದ್ದಿದ್ದು ಮೇಡಮ್ಮೋರೆ. ಔಸ್ದಿಗೆ," ಎಂದ ಕದರಯ್ಯ, ತಾನೇ ತಪ್ಪು ಮಾಡಿದವನಂತೆ.

"ಇನ್ನೊಂದು ಬಿದ್ರೆ ಈ ಪಾದ ವಾಪಸ್ ಬರದೇ ಹೋಗಬಹುದು," ಎಂದರು.

ತೋಟಕ್ಕೆ ಹಿಂತಿರುಗಿದಾಗ ಲಾರಿ ಬಂದು ನಿಂತಿತ್ತು. ಪರಮಶಿವಯ್ಯ ಕೂಗಾಡುತ್ತಿದ್ದ.

"ಲಾರಿಗೆ ಕಾಯಿ ನಿಮ್ಮಪ್ಪ ಸುಲೀತಾನಾ? ಗತಿಗೆಟ್ಟ ನನ್ಮಗಂಗೆ ಡಾಕ್ಟ್ರು ಬೇರೆ ಕೇಡು! ಒಂದೊದೆ ಸಾಲ್ದು ನಿಂಗೆ. ಬಿದ್ಕೊ. ಇಲ್ಲಾಂದ್ರೆ ಶೆಡ್ ಖಾಲಿ ಮಾಡಿ ತೊಲಗ್ರಿ."

ತಲೆಯ ಮೇಲೆ ಸೂರೆಂದು ನಮಗಿರುವುದು ತೋಟದ ಅದೊಂದೇ ಶೆಡ್ಡು. ಕದರಯ್ಯ ನನ್ನ ಮುಖ ನೋಡಲಿಲ್ಲ. ಮೊಣಕಾಲೂರಿ, ಅಂಗೈಯೂರಿ, ಹಲ್ಲು ಕಚ್ಚಿ ಬೋರಲಾದ. ನನಗೆ ಅವನ ಮೇಲೂ ಸಿಟ್ಟು ಬಂತು.

"ಬ್ಯಾಡಿ ಸ್ವಾಮಿ. ಕಾಲೇ ಹೋಯ್ತದಂತೆ."

"ಅತ್ಲಾಗ್ ಹೋಗೇ ಲೌಡಿ. ನನ್ ಕಾಲ್ ಮಹಿಮೆ ನಿಂಗೇನೇ ಗೊತ್ತು?"

ಪಂಚೆ ಎತ್ತಿಕಟ್ಟಿ ಕಾಲೆತ್ತಿದ. ನಾನು ನುಗ್ಗಿ ಆ ಹಿಮ್ಮಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬಿರುಕೇ ಇಲ್ಲದ, ಮೆತ್ತನೆಯ ಹಿಮ್ಮಡಿ. ಪರಮಶಿವಯ್ಯ ಒಂಟಿಕಾಲಲ್ಲಿ ಕುಪ್ಪಳಿಸಿದ.

"ಮುಟ್ಬ್ಯಾಡ್ವೇ! ಬುಡೇ! ಲೇ ಹೊನ್ನಯ್ಯ, ನನ್ನ ಹಿಡ್ಕಳ್ಳಾ!"

ಹೊನ್ನಯ್ಯ ನನ್ನ ಗಂಡನ ಜೊತೆ ಸುಲಿಯುವವನು. ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟು ಎದ್ದು ನಿಂತ. ಬರಲಿಲ್ಲ. ಮಿಕ್ಕವರೂ ಸುಲಿಯುವುದನ್ನು ನಿಲ್ಲಿಸಿದರು.

"ಏಳಯ್ಯ ಮ್ಯಾಕೆ," ಎಂದೆ ಗಂಡನಿಗೆ.

ಏಳಲು ಅವನಿಗೆ ಹೊತ್ತು ಬೇಕಿತ್ತು. ಮೊದಲು ಪಕ್ಕಕ್ಕೆ ಹೊರಳಿದ, ಆಮೇಲೆ ಮೊಣಕೈಯೂರಿದ. ಅಷ್ಟು ಹೊತ್ತೂ ನಾನು ಹಿಡಿದದ್ದನ್ನು ಬಿಡಲಿಲ್ಲ.

"ಬುಡೇ ಸಿದ್ಗಂಗಿ, ಬೀಳ್ತೀನಿ ಕಣೇ!"

"ಗೊತ್ತು," ಎಂದು ಆ ಕಾಲನ್ನು ಇನ್ನಷ್ಟು ಮೇಲಕ್ಕೆತ್ತಿದೆ.