ಸೊಸೆಯ ನಿದ್ದೆಗೆ ಸಿಕ್ಕ ಹೆಸರು

ಬೆಳಿಗ್ಗೆ ಹತ್ತೂವರೆ ಗಂಟೆ, ಕೆಲಸ ತಲೆಯ ಮೇಲೆ ಕೂತಿದೆ. ಆ ಹೊತ್ತಿನಲ್ಲಿ ಎದುರಿಗೆ ಕುಳಿತ ಸೊಸೆ ತೂಕಡಿಸಿದರೆ ಯಾವ ಅತ್ತೆಗೆ ತಾನೆ ಸಿಟ್ಟು ಬರುವುದಿಲ್ಲ? ಇಸೊ ಅಜ್ಜಿಗೂ ಬರುತ್ತಿತ್ತು. ಒಂದು ದಿನವಲ್ಲ, ಎರಡು ದಿನವಲ್ಲ, ಇಪ್ಪತ್ತೊಂದು ವರ್ಷ.

ಇಸೊ ಅಜ್ಜಿಯದು ಜಪಾನಿನ ಇಬಾರಾಕಿಯ ಕಡಲ ದಂಡೆಯ ಊರು. ಚಳಿಗಾಲ ಬಂತೆಂದರೆ ಅಲ್ಲಿ ಮನೆಮನೆಯಲ್ಲೂ ಸಿಹಿಗೆಣಸು ಬೇಯುತ್ತದೆ. ಬೇಯಿಸಿ, ಬಿಸಿಯಿರುವಾಗಲೇ ಸಿಪ್ಪೆ ಸುಲಿದು, ತಂತಿಯ ಚೌಕಟ್ಟಿಗೆ ಒತ್ತಿ ಹೋಳು ಮಾಡಿ, ಕಡಲ ಗಾಳಿಗೆ ಒಣಹಾಕುತ್ತಾರೆ. ಗೆಣಸು ಆರಿದರೆ ಸಿಪ್ಪೆ ಬಿಡುವುದಿಲ್ಲ. ಹಾಗಾಗಿ ಒಲೆಮನೆಯಲ್ಲಿ ಯಾರ ಕೈಗೂ ಬಿಡುವಿಲ್ಲ.

ಸೊಸೆ ಚಿಗುಸಾ ಮೈಗಳ್ಳಿಯೇನಲ್ಲ. ಎಲ್ಲರಿಗಿಂತ ಮೊದಲು ಎದ್ದು ಕೆಲಸಕ್ಕೆ ಕೂರುವವಳೇ. ಆದರೆ ಸ್ವಲ್ಪ ಹೊತ್ತಿಗೆ ಅವಳ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಕೈ ಮಾತ್ರ ಸುಲಿಯುತ್ತಲೇ ಇರುತ್ತಿತ್ತು. ಸಿಪ್ಪೆಯ ಜೊತೆ ಅರ್ಧ ಗೆಣಸೂ ಬುಟ್ಟಿಗೆ ಬೀಳುತ್ತಿತ್ತು.

"ಏ ಚಿಗುಸಾ! ಸಿಪ್ಪೆ ಸುಲೀತಿದ್ದೀಯೋ, ಗೆಣಸನ್ನೇ ಮುಗಿಸ್ತಿದ್ದೀಯೋ?" ಎಂದು ಅಜ್ಜಿ ಕೂಗಿದರೆ ಅವಳು ಬೆಚ್ಚಿಬಿದ್ದು, "ತಪ್ಪಾಯ್ತು ಅಮ್ಮ" ಎನ್ನುತ್ತಿದ್ದಳು. ಐದು ನಿಮಿಷಕ್ಕೆ ಮತ್ತೆ ಅದೇ ಕತೆ.

ಅಜ್ಜಿಗೆ ಇನ್ನೊಂದು ದೂರೂ ಇತ್ತು. ಮಗ ಕ್ಯೋಹೆ ಊರಿಗೇ ಹೆಸರಾದ ತಮಾಷೆಗಾರ. ಅವನು ಬಾಯಿ ತೆರೆದರೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹೆಂಡತಿ ಮಾತ್ರ ತುಟಿ ಕಚ್ಚಿ ಗೋಡೆಯ ಕಡೆ ತಿರುಗಿಬಿಡುತ್ತಿದ್ದಳು. "ಜಂಬ. ನಮ್ಮ ಜೊತೆ ನಗೋಕೂ ಇವಳಿಗೆ ಬೇಜಾರು" ಎಂದು ಅಜ್ಜಿ ಪಕ್ಕದ ಮನೆಯವರ ಮುಂದೆ ಹೇಳಿಕೊಳ್ಳುತ್ತಿದ್ದಳು.

ಇಪ್ಪತ್ತೊಂದನೇ ವರ್ಷದ ಫೆಬ್ರವರಿಯ ಒಂದು ಬೆಳಿಗ್ಗೆ ಕ್ಯೋಹೆ ಅಂಗಳದಿಂದ ಒಳಗೆ ಬಂದ.

"ಅಮ್ಮ, ಮರ್ಯಾದೆ ಹೋಯ್ತು ಕಣಮ್ಮ. ಕನ್ನಡಕಕ್ಕೆ ಹಬೆ ಹತ್ತಿತ್ತಾ, ಹೊರಗೆ ಸಹಕಾರ ಸಂಘದವರು ಬಂದು ನಿಂತಿದ್ದಾರೆ ಅಂದ್ಕೊಂಡೆ. ಬಗ್ಗಿ ನಮಸ್ಕಾರ ಮಾಡಿ, 'ಗೆಣಸು ನಾಳೆ ಕಳಿಸ್ತೀವಿ ಸ್ವಾಮಿ' ಅಂದೆ. ಮಾತೇ ಇಲ್ಲ! ಸಿಟ್ಟಾಗಿದ್ದಾರೆ ಅಂತ ಇನ್ನೂ ಬಗ್ಗಿ ಕ್ಷಮೆ ಕೇಳಿದೆ. ಕೊನೆಗೆ ನೋಡಿದ್ರೆ, ನೀನು ಒಣಗೋಕೆ ಹಾಕಿದ್ದ ಕೋಟು!"

ಚಿಗುಸಾ ಆಗಷ್ಟೇ ಕೂತಲ್ಲಿಂದ ಎದ್ದು ಒಲೆಯ ಬಳಿ ನಿಂತಿದ್ದಳು. ಮುಖ ತಿರುಗಿಸಲು ಸಮಯವೇ ಸಿಗಲಿಲ್ಲ. ಕಿಲಕ್ಕನೆ ನಕ್ಕುಬಿಟ್ಟಳು. ನಗು ಅರ್ಧಕ್ಕೆ ನಿಂತಿತು. ದವಡೆ ಜೋತುಬಿತ್ತು, ತಲೆ ವಾಲಿತು, ಮಂಡಿಗಳು ಮಡಚಿಕೊಂಡವು. ಕುದಿಯುವ ಹಂಡೆಯ ಅಂಚಿಗೆ ಮೊಣಕೈ ತಗುಲಿಸಿಕೊಂಡು ನೆಲಕ್ಕೆ ಕುಸಿದಳು.

ಅಜ್ಜಿ ಆ ವಯಸ್ಸಿನಲ್ಲಿ ಹೇಗೆ ಓಡಿದಳೋ, ಸೊಸೆಯ ಭುಜ ಹಿಡಿದು ಒಲೆಯಿಂದ ಈಚೆಗೆ ಎಳೆದಳು. "ಚಿಗುಸಾ! ಏ ಚಿಗುಸಾ! ಮಾತಾಡೇ!" ಕಣ್ಣು ಅರೆತೆರೆದಿತ್ತು, ಉಸಿರಿತ್ತು, ಮಾತಿರಲಿಲ್ಲ. ಅರ್ಧ ನಿಮಿಷವಾಗಿರಬಹುದು. ಆಮೇಲೆ ಏನೂ ಆಗದವಳಂತೆ ಚಿಗುಸಾ ಎದ್ದು ಕುಳಿತಳು.

"ಎಲ್ಲಾ ಕೇಳಿಸ್ತಿತ್ತು ಅಮ್ಮ. ಬಾಯಿ ಮಾತ್ರ ಬರ್ತಿರಲಿಲ್ಲ."

ಕ್ಯೋಹೆ ಅವಳನ್ನು ಕೂಡಲೇ ಊರಿನ ವೈದ್ಯರ ಬಳಿ ಕರೆದುಕೊಂಡು ಹೋದ. ಅವರು ಸುಟ್ಟ ಜಾಗಕ್ಕೆ ಪಟ್ಟಿ ಕಟ್ಟಿದರು. ಪಾರ್ಶ್ವವಾಯುವಲ್ಲ, ಹೃದಯವೂ ಸರಿಯಿದೆ ಎಂದರು. ಆದರೂ ಅಜ್ಜಿಗೆ ಅನ್ನ ಇಳಿಯಲಿಲ್ಲ. ತೀರಿಹೋದ ಅವಳ ಗಂಡ ಗೆನ್‌ಪಾಚಿಗೆ ಪಾರ್ಕಿನ್ಸನ್ ಕಾಯಿಲೆಯಿತ್ತು. ಕೈ ನಡುಗುತ್ತಿತ್ತು, ಕೊನೆಕೊನೆಗೆ ಮಧ್ಯಾಹ್ನದ ಊಟದ ನಡುವೆಯೇ, ಕೈಯಲ್ಲಿ ಊಟದ ಕಡ್ಡಿ ಹಿಡಿದಂತೆಯೇ ನಿದ್ದೆ ಹೋಗುತ್ತಿದ್ದ. ಸೊಸೆಗೂ ಅದೇ ಬಂತೇ? ನಲವತ್ತನಾಲ್ಕಕ್ಕೇ ಮಿದುಳು ಸವೆಯತೊಡಗಿತೇ?

ಮರುದಿನ ಆರೋಗ್ಯ ಕೇಂದ್ರದ ನರ್ಸ್ ನಾಗಿಸಾ, ಅಜ್ಜಿಯ ರಕ್ತದೊತ್ತಡ ನೋಡಲು ಬಂದಳು. ವಿಷಯ ಕೇಳಿ ಚಿಗುಸಾಳ ಪಕ್ಕದಲ್ಲೇ ಕುಳಿತಳು.

"ಬೀಳೋಕೆ ಮುಂಚೆ ಏನಾಯ್ತು ಅಕ್ಕ?"

"ನಗು ಬಂತು."

ನಾಗಿಸಾ ಬರೆಯುವುದನ್ನು ನಿಲ್ಲಿಸಿದಳು. "ಈ ಹಿಂದೆಯೂ ಹೀಗಾಗಿದೆಯಾ?"

ಚಿಗುಸಾ ಅತ್ತೆಯ ಮುಖ ನೋಡಿದಳು, ತಲೆ ತಗ್ಗಿಸಿದಳು. "ಹದಿನಾರನೇ ವಯಸ್ಸಿಂದ. ಶಾಲೆಯಲ್ಲೂ ನಿದ್ದೆ, ಬಸ್ಸಲ್ಲೂ ನಿದ್ದೆ. ಜೋರಾಗಿ ನಕ್ಕರೆ ಮಂಡಿ ಕುಸಿದೋಗುತ್ತೆ. ಅದಕ್ಕೇ... ನಾನು ನಗೋದನ್ನೇ ಬಿಟ್ಟೆ. ಇವರು ತಮಾಷೆ ಮಾಡಿದಾಗೆಲ್ಲ ಕೆನ್ನೆ ಒಳಗೆ ಕಚ್ಚಿಕೊಳ್ತೀನಿ."

ಕ್ಯೋಹೆ ಬಾಯಿ ಬಿಟ್ಟುಕೊಂಡು ನಿಂತ. "ನನ್ನ ತಮಾಷೆ ನಿಂಗೆ ಇಷ್ಟಾನೇ ಇಲ್ಲ ಅಂದ್ಕೊಂಡಿದ್ದೆನಲ್ಲೇ!"

"ಇಷ್ಟವಾಗದಿದ್ರೆ ಇಷ್ಟು ಕಷ್ಟ ಯಾಕೆ ಪಡ್ತಿದ್ದೆ?"

"ನಿದ್ದೆಗೂ ಒಂದು ಕಾಯಿಲೇನಾ?" ಅಜ್ಜಿ ಗದರಿದಳು. ದನಿಯಲ್ಲಿ ಮಾತ್ರ ಬಲವಿರಲಿಲ್ಲ. "ಮುಖಕ್ಕೆ ತಣ್ಣೀರು ಎರಚಿಕೊಂಡ್ರೆ ಹೋಗಲ್ವಾ?"

"ಹೋಗಲ್ಲ ಅಜ್ಜಿ. ಒಲೆ ಮುಂದೆ ಕೂತು ಉರಿ ಆರದ ಹಾಗೆ ನೀವು ಸೌದೆ ಹಾಕ್ತಾ ಇರ್ತೀರಲ್ಲ, ಹಾಗೇ ನಮ್ಮ ಮಿದುಳೊಳಗೆ ಎಷ್ಟೋ ಸಾವಿರ ಜೀವಕೋಶಗಳು ಎಚ್ಚರಕ್ಕೆ ಸೌದೆ ಹಾಕ್ತಾ ಇರ್ತವೆ. ಅವು ಬಿಡೋ ರಸಕ್ಕೆ ಓರೆಕ್ಸಿನ್ ಅಂತಾರೆ. ಕೆಲವರಲ್ಲಿ ಚಿಕ್ಕ ವಯಸ್ಸಲ್ಲೇ ಆ ಕೋಶಗಳು ಸತ್ತುಹೋಗ್ತವೆ. ಆಗ ಎಚ್ಚರ ನಿಲ್ಲಲ್ಲ, ನಿದ್ದೆ ಹಗಲಿಗೆ ನುಗ್ಗುತ್ತೆ. ನಗು ಬಂದಾಗ ಮೈಯ ಬಿಗಿಯೂ ಸಡಿಲ ಆಗಿಬಿಡುತ್ತೆ. ಇದಕ್ಕೆ ನಾರ್ಕೊಲೆಪ್ಸಿ ಅಂತ ಹೆಸರು. ಅಕ್ಕನಿಗೆ ಅದೇ ಇರಬಹುದು. ಪರೀಕ್ಷೆ ಮಾಡಿಸೋಣ."

ಅಜ್ಜಿ ನಾಗಿಸಾಳ ಹತ್ತಿರಕ್ಕೆ ಸರಿದಳು. "ನಮ್ಮ ಯಜಮಾನರಿಗಿದ್ದದ್ದೇನಾ ಇದು? ಸುಳ್ಳು ಹೇಳಬೇಡಮ್ಮ."

"ಅಲ್ಲ ಅಜ್ಜಿ. ಪಾರ್ಕಿನ್ಸನ್ ಬಂದವರಲ್ಲೂ ಈ ಕೋಶಗಳು ಕಡಿಮೆಯಾಗ್ತವೆ ಅಂತ ಕಂಡುಕೊಂಡಿದ್ದಾರೆ. ತಾತ ಹಗಲಲ್ಲಿ ನಿದ್ದೆ ಮಾಡ್ತಿದ್ದದ್ದಕ್ಕೆ ಅದೂ ಒಂದು ಕಾರಣ ಇದ್ದೀತು. ಆದ್ರೆ ಆ ಕಾಯಿಲೆಯೇ ಬೇರೆ, ಇದೇ ಬೇರೆ. ಇದರಲ್ಲಿ ಬುದ್ಧಿ ಸವೆಯಲ್ಲ, ಕೈ ನಡುಗಲ್ಲ."

"ಊಟದ ಮಧ್ಯೆ ಅವರು ಕಣ್ಣು ಮುಚ್ಚಿದ್ರೆ, ನನ್ನ ಮುಖ ನೋಡೋಕೆ ಬೇಜಾರು ಇವರಿಗೆ ಅಂದ್ಕೋತಿದ್ದೆ" ಎಂದಳು ಅಜ್ಜಿ. ಸೆರಗಿಲ್ಲದ ಊರು, ಏಪ್ರನ್ನಿನ ತುದಿಯಲ್ಲೇ ಕಣ್ಣೊರೆಸಿಕೊಂಡಳು.

ಮೂರು ವಾರದ ನಂತರ ತ್ಸುಕುಬಾ ನಗರದ ಕಡೆಯ ನಿದ್ರಾ ವೈದ್ಯರಲ್ಲಿ ಪರೀಕ್ಷೆ ನಡೆಯಿತು. ಜೊತೆಗೆ ಹೋದವಳು ಅಜ್ಜಿಯೇ. ಮೊದಲ ರಾತ್ರಿ ಚಿಗುಸಾಳ ನಿದ್ದೆಯನ್ನು ಯಂತ್ರದಲ್ಲಿ ಅಳೆದರು. ಮರುದಿನ ಬೆಳಿಗ್ಗೆಯಿಂದ ಎರಡು ಗಂಟೆಗೊಮ್ಮೆ, ಐದು ಸಲ, "ಈಗ ಮಲಗಿ" ಎಂದರು. ಹೊರಗಿನ ಬೆಂಚಿನ ಮೇಲೆ ಕುಳಿತಿದ್ದ ಅಜ್ಜಿಗೆ ತಾನು ಕೇಳಿದ್ದು ನಿಜವೋ ಸುಳ್ಳೋ ತಿಳಿಯಲಿಲ್ಲ. ತಾನು ಇಪ್ಪತ್ತೊಂದು ವರ್ಷ ಬೈದ ನಿದ್ದೆಗೆ ಇಲ್ಲಿ ಡಾಕ್ಟರೇ ಹಾಸಿಗೆ ಹಾಕಿಕೊಡುತ್ತಿದ್ದಾರೆ!

ಐದು ಸಲವೂ ಚಿಗುಸಾ ಎರಡು ಮೂರು ನಿಮಿಷದೊಳಗೆ ನಿದ್ದೆ ಹೋದಳು. ಬೆನ್ನುಮೂಳೆಯೊಳಗಿಂದ ತೆಗೆದ ನೀರಿನ ಪರೀಕ್ಷೆಯಲ್ಲಿ ಓರೆಕ್ಸಿನ್ ಇಲ್ಲವೆನ್ನುವಷ್ಟು ಕಡಿಮೆಯಿತ್ತು. ಸಂದೇಹವೇ ಉಳಿಯಲಿಲ್ಲ.

"ಸತ್ತ ಕೋಶಗಳನ್ನ ತಂದುಕೊಡೋಕೆ ಆಗಲ್ಲ" ಎಂದರು ವೈದ್ಯೆ. "ಆದ್ರೆ ಹಗಲು ಎಚ್ಚರವಾಗಿರೋಕೆ ಮಾತ್ರೆ ಇದೆ, ಕುಸಿದು ಬೀಳೋದು ಕಡಿಮೆ ಮಾಡೋಕೂ ಇದೆ. ದಿನಕ್ಕೆ ಎರಡು ಸಲ, ಹೊತ್ತು ಗೊತ್ತು ಮಾಡಿಕೊಂಡು ಇಪ್ಪತ್ತು ನಿಮಿಷ ಮಲಗಬೇಕು. ನಾನು ಹೇಳೋವರೆಗೂ ಗಾಡಿ ಓಡಿಸೋ ಹಾಗಿಲ್ಲ, ಒಲೆ ಹತ್ತಿರ ಒಬ್ಬರೇ ನಿಲ್ಲೋ ಹಾಗಿಲ್ಲ."

ಚಿಗುಸಾ ಅಳತೊಡಗಿದಳು. ವೈದ್ಯೆ ಗಾಬರಿಯಾದರು. "ಇಲ್ಲ ಡಾಕ್ಟರೇ, ಸಂತೋಷಕ್ಕೆ. ನಾನೇ ಕೆಟ್ಟವಳು ಅಂದ್ಕೊಂಡಿದ್ದೆ."

ಅಜ್ಜಿ ಅವಳ ಕೈ ಹಿಡಿದುಕೊಂಡಳು. "ಕೆಟ್ಟದ್ದಾಗಿದ್ದು ನನ್ನ ಬಾಯಿ. ನೀನಲ್ಲ. ತಪ್ಪಾಯ್ತು ಕಣೇ."

ಈಗ ಆ ಮನೆಯಲ್ಲಿ ಗಾಡಿ ಓಡಿಸುವವನು ಕ್ಯೋಹೆ. ಹತ್ತೂವರೆಗೆ ಒಮ್ಮೆ, ಮಧ್ಯಾಹ್ನ ಎರಡಕ್ಕೆ ಒಮ್ಮೆ ಅಜ್ಜಿಯೇ ಹಾಸಿಗೆ ಬಿಡಿಸಿ, "ಹೋಗು, ನಿನ್ನ ಹೊತ್ತಾಯ್ತು" ಎನ್ನುತ್ತಾಳೆ. ಎದ್ದು ಬಂದ ಚಿಗುಸಾ ಸುಲಿದ ಗೆಣಸು ನುಣ್ಣಗಿರುತ್ತದೆ. ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ, "ಏನಜ್ಜಿ, ಸೊಸೆ ಮಲಗಿದ್ದಾಳೆ, ನೀವು ದುಡೀತಿದ್ದೀರಿ?" ಎಂದು ಚುಚ್ಚಿದಾಗ ಅಜ್ಜಿ ಬಿಡಲಿಲ್ಲ. "ಅದು ಅವಳ ಔಷಧಿ ಕಣಮ್ಮ. ನಿಮ್ಮೆಜಮಾನ್ರು ಮಾತಾಡ್ತಾ ಮಾತಾಡ್ತಾನೇ ನಿದ್ದೆ ಹೋಗ್ತಾರೆ ಅಂತಿದ್ದೆಯಲ್ಲ, ಡಾಕ್ಟರಿಗೆ ಹೇಳಿದ್ದೀಯಾ?" ಆಕೆ ಹೇಳಿರಲಿಲ್ಲ. ಮರುವಾರವೇ ಗಂಡನನ್ನು ಕರೆದುಕೊಂಡು ಹೋದಳು.

ಓದುತ್ತಿರುವ ನಿಮಗೆ ನಿಮ್ಮ ಮನೆಯವರೊಬ್ಬರು ಈಗಾಗಲೇ ನೆನಪಾಗಿರಬಹುದು. ರಾತ್ರಿ ಮಲಗಿದ್ದರೂ ಹಗಲಲ್ಲಿ ತಡೆಯಲಾರದ ನಿದ್ದೆ ಬರುವ ಮಗಳು, ನಗುವಾಗ ಕುಸಿಯುವ ತಮ್ಮ, ಊಟಕ್ಕೆ ಕುಳಿತಲ್ಲೇ ಕಣ್ಣು ಮುಚ್ಚುವ ಅಪ್ಪ. ಸೋಮಾರಿ ಎನ್ನಬೇಡಿ, ವಯಸ್ಸಾಯಿತೆಂದು ಕೈಬಿಡಬೇಡಿ. ಅಂಗಡಿಯಿಂದ ಮಾತ್ರೆ ತಂದು ನುಂಗಿಸಬೇಡಿ, ನುಂಗುತ್ತಿರುವ ಮಾತ್ರೆಯನ್ನು ನಿಮ್ಮಷ್ಟಕ್ಕೆ ನಿಲ್ಲಿಸಲೂ ಬೇಡಿ. ಗಾಡಿಯ ಕೀಲಿ ತೆಗೆದಿಟ್ಟು, ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಕಂಡದ್ದನ್ನೆಲ್ಲ ಹೇಳಿ. ಇಸೊ ಅಜ್ಜಿಗೆ ಇದು ತಿಳಿಯಲು ಇಪ್ಪತ್ತೊಂದು ವರ್ಷ ಬೇಕಾಯಿತು. ನೀವು ನಾಳೆಯೇ ಹೊರಡಿ.