ಬೂದಿ, ಮನಿಗೆ ನಡಿ

ನಾನು ಒಂದು ಪ್ಲಾಸ್ಟಿಕ್ ಪೆಟ್ಟಿಗೆ. ವಿಮಾನ ಹತ್ತುವ ನಾಯಿಗಳನ್ನು ಸಾಗಿಸಲೆಂದೇ ನನ್ನನ್ನು ಮಾಡಿದರು. ಕಾರ್ಖಾನೆಯ ಬಿಸಿ ಅಚ್ಚಿನಿಂದ ಎರಡು ಹೋಳಾಗಿ ಹೊರಬಂದೆ. ಹೋಳುಗಳಿಗೆ ಬೋಲ್ಟು ಹಾಕಿ, ಮುಂದೆ ತಂತಿಯ ಬಾಗಿಲು ಕೂರಿಸಿದ ಮೇಲೆ ಪೆಟ್ಟಿಗೆ ಎನಿಸಿಕೊಂಡೆ. ಮನುಷ್ಯರು ತಮ್ಮ ಕಷ್ಟ ಹೇಳಿಕೊಳ್ಳುವಾಗ ನಾಯಿಪಾಡು ಎನ್ನುತ್ತಾರೆ. ನಾಯಿಯ ಪಾಡು ಎಂಥದ್ದೆಂದು ನಾನು ಕಂಡಷ್ಟು ಅವರು ಕಂಡಿಲ್ಲ.

ನನ್ನನ್ನು ಕೊಂಡವರು ಧಾರವಾಡದ ಇಂದುಮತಿ ಹಂಚಿನಮನಿ. ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು, ಊರ ಹೊರಗೆ ಬೀದಿನಾಯಿಗಳಿಗೊಂದು ಆಶ್ರಯ ನಡೆಸುತ್ತಿದ್ದರು. ಅಲ್ಲಿ ನಲವತ್ತು ನಾಯಿಗಳು, ಅವುಗಳನ್ನು ನೋಡಿಕೊಳ್ಳಲು ಫಕೀರಪ್ಪ. ಊರಿನವರಿಗೆ ಜಾತಿನಾಯಿಯೇ ಬೇಕು, ಇವುಗಳ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಆಗ ಜರ್ಮನಿಯ ಒಂದು ಸಂಘದವರು, ನಿಮ್ಮ ಒಂದು ನಾಯಿಯನ್ನು ಇಲ್ಲಿಗೆ ಕರೆತಂದು ತೋರಿಸಿ, ಉಳಿದವನ್ನೂ ಸಾಕಲು ಜನ ಮುಂದೆ ಬರುತ್ತಾರೆ ಎಂದು ಪತ್ರ ಬರೆದರು. ಇಂದುಮತಿಯವರು ಬೂದಿಯನ್ನು ಆರಿಸಿದರು.

ಚಹಾದಂಗಡಿಯ ಆರಿದ ಒಲೆಯೊಳಗೆ ಮಲಗಿದ್ದಾಗ ಸಿಕ್ಕ ಮರಿ ಅದು, ಹಾಗಾಗಿ ಬೂದಿ. ಒಂದು ಕಿವಿ ಅರ್ಧವೇ ಇತ್ತು. ಫಕೀರಪ್ಪನ ಹಿಮ್ಮಡಿ ಮೂಸುತ್ತ ಸುತ್ತುವುದೊಂದೇ ಅದರ ಉದ್ಯೋಗ.

“ಅಕ್ಕಾರ, ಈಕಿನ್ನ ಅಲ್ಲೇ ಕೊಟ್ಟು ಬರ್ತೀರೇನು?” ಎಂದು ಫಕೀರಪ್ಪ ಕೇಳಿದ.

“ಇಲ್ಲೋ. ತೋರಿಸ್ಕೊಂಡು ಬರ್ತೀನಿ ಅಷ್ಟ. ಬೂದಿನ್ನ ಯಾರಿಗೂ ಕೊಡಂಗಿಲ್ಲ. ಇದು ನನ್ನ ಮಾತು.”

ವಿಮಾನಕ್ಕೆ ಮುಂಚೆ ನಾಯಿಗೆ ಪೆಟ್ಟಿಗೆ ರೂಢಿಯಾಗಬೇಕು. ಮೊದಲ ದಿನ ಬೂದಿ ನನ್ನನ್ನು ಕಂಡು ಬಾಲ ಮುದುಡಿಕೊಂಡು ಓಡಿತು. “ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು” ಎಂದು ಫಕೀರಪ್ಪ ನಕ್ಕ. ಹೆಂಡತಿ ಹೊಲಿದ ಹಳೆಯ ಕೌದಿಯನ್ನು ನನ್ನೊಳಗೆ ಹಾಸಿದ. ದಿನಾ ಸಂಜೆ ಹಾಲಲ್ಲಿ ನೆನೆಸಿದ ರೊಟ್ಟಿ ಇಟ್ಟು, “ಬೂದಿ, ಮನಿಗೆ ನಡಿ” ಎನ್ನುತ್ತಿದ್ದ. ಮೂರು ವಾರದಲ್ಲಿ, ಆ ಮಾತು ಕಿವಿಗೆ ಬಿದ್ದರೆ ಸಾಕು, ಎಲ್ಲಿದ್ದರೂ ಓಡಿಬಂದು ನನ್ನೊಳಗೆ ಕೂರುತ್ತಿತ್ತು. ನಾನು ಒಂದು ಜೀವಕ್ಕೆ ಮನೆಯಾಗಿದ್ದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆಗ ನಾನು ಹಿಗ್ಗಿ ಹೋಗಿದ್ದೆ.

ವಿಮಾನದಲ್ಲಿ ನಮ್ಮನ್ನು ಸಾಮಾನಿನ ಜೊತೆ ಕತ್ತಲಲ್ಲಿಟ್ಟರು. ಬೂದಿ ಕೌದಿಗೆ ಮೂಗು ಒತ್ತಿ, ಉದ್ದಕ್ಕೂ ನಡುಗುತ್ತ ಬಂತು. ಒಂದು ಸಲವೂ ಕೂಗಲಿಲ್ಲ.

ಅಲ್ಲಿ ಮೂರು ಊರುಗಳಲ್ಲಿ ಸಭೆಗಳು ನಡೆದವು. ಇಂದುಮತಿಯವರು ಆಶ್ರಯದ ಪ್ರತಿ ನಾಯಿಯ ಚಿತ್ರವನ್ನೂ ತಾವೇ ಪೆನ್ಸಿಲಿನಲ್ಲಿ ಬರೆದು ಒಯ್ದಿದ್ದರು. ಜನ ಚಿತ್ರಗಳನ್ನು ಮೆಚ್ಚಿದರು, ಆಮೇಲೆ ಬಗ್ಗಿ ಬೂದಿಯ ತಲೆ ಸವರಿದರು. ಎಲ್ಲರಿಗೂ ಕಣ್ಣೆದುರಿನ ನಾಯಿಯೇ ಬೇಕಿತ್ತು. ಕೊನೆಗೆ ಸಂಘದ ಮುಖ್ಯಸ್ಥೆ, ನೀವೇ ನಮ್ಮನ್ನು ನಂಬಿ ಒಂದು ನಾಯಿಯನ್ನು ಬಿಟ್ಟುಹೋಗದಿದ್ದರೆ ನಮ್ಮವರು ನಿಮ್ಮನ್ನು ನಂಬುವುದು ಹೇಗೆ ಎಂದು ಕೇಳಿದರು. ವಯಸ್ಸಾದ ದಂಪತಿ ಬೂದಿಗಾಗಿ ಕಾದಿದ್ದರು. ಅದನ್ನು ಬಿಟ್ಟು ಹೋದರೆ ಇನ್ನೂ ನಾಲ್ಕು ನಾಯಿಗಳಿಗೆ ಮನೆ ಖಚಿತ ಎಂದರು. ಇಂದುಮತಿಯವರು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಒಪ್ಪಿಕೊಂಡರು.

ಆ ದಂಪತಿ ಒಳ್ಳೆಯವರೇ. ಅವರ ಮನೆಗೆ ಹೋದಾಗ ಕೌದಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡರು. ಆದರೆ ಬೂದಿ ನಾಲ್ಕೂ ಕಾಲು ಊರಿ ಅಂಗಳದಲ್ಲೇ ನಿಂತಿತು. ಅವರು ಕರೆದರು, ಬಿಸ್ಕತ್ತು ತೋರಿಸಿದರು. ಹೊತ್ತಾಗುತ್ತಿತ್ತು. ಇಂದುಮತಿಯವರು ಆ ಮನೆಯ ಬಾಗಿಲಿಗೆ ಕೈ ತೋರಿಸಿ, “ಬೂದಿ, ಮನಿಗೆ ನಡಿ” ಎಂದುಬಿಟ್ಟರು.

ಬೂದಿ ಗರ್ರನೆ ತಿರುಗಿ ಓಡಿಬಂದು, ಕಾರಿನ ಪಕ್ಕದಲ್ಲಿದ್ದ ನನ್ನೊಳಗೆ ಕೂತಿತು. ಬಾಲ ನನ್ನ ಗೋಡೆಗೆ ಪಟಪಟ ಬಡಿಯುತ್ತಿತ್ತು. ಊರಿಗೆ ಹೊರಟೆವೆಂದು ತಿಳಿದುಕೊಂಡಿತ್ತು ಅದು. ಅದನ್ನು ಹೊರಗೆಳೆಯಲು ಮೂವರು ಬೇಕಾಯಿತು. ಆ ಎಳೆದಾಟದಲ್ಲಿ ನನ್ನ ಬಾಗಿಲಿನ ಕೊಂಡಿ ಮುರಿಯಿತು. ಇಂದುಮತಿಯವರು ಮುಖಕ್ಕೆ ಸೆರಗು ಒತ್ತಿಕೊಂಡು ಕಾರು ಹತ್ತಿದರು.

ಧಾರವಾಡದ ಸ್ಟೇಷನ್ನಿಗೆ ಫಕೀರಪ್ಪ ರೊಟ್ಟಿ ಕಟ್ಟಿಕೊಂಡು ಬಂದಿದ್ದ. ಬಗ್ಗಿ ನನ್ನೊಳಗೆ ನೋಡಿದ. ನನ್ನನ್ನು ಹೆಗಲಿಗೇರಿಸಿಕೊಂಡು ನಡೆದ.

ಎರಡು ತಿಂಗಳಾಗಿತ್ತು. ಬೂದಿ ಕೊರಳಪಟ್ಟಿ ಕಳಚಿಕೊಂಡು ಕಾಡು ಸೇರಿದೆ, ಎಂಟು ದಿನವಾಯಿತು ಎಂದು ಫೋನ್ ಬಂತು. ಅಲ್ಲಿ ಹಿಮ ಬೀಳುತ್ತಿತ್ತಂತೆ. ಹಿಡಿಯಲು ಬೋನು ಇಟ್ಟು ಮಾಂಸ ಹಾಕಿದ್ದರೂ ಅದು ಹತ್ತಿರ ಸುಳಿಯುತ್ತಿರಲಿಲ್ಲ. ಅದಕ್ಕೆ ಗುರುತಿರುವ ದನಿ ಇದ್ದರೆ ರೆಕಾರ್ಡು ಮಾಡಿ ಕಳುಹಿಸಿ ಎಂದು ಕೇಳಿದ್ದರು.

ಫಕೀರಪ್ಪ ನನ್ನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. “ನಾ ಒಲ್ಲೆ ಅಕ್ಕಾರ” ಎಂದ.

“ಹಿಮದಾಗ ಸಾಯ್ತಾಳೋ ಫಕೀರಪ್ಪ.”

ಅವನು ನನ್ನ ಮೇಲೆ ಕೈಯಿಟ್ಟು, ದಿನಾ ಸಂಜೆ ಹೇಳುತ್ತಿದ್ದ ಹಾಗೆಯೇ, ಫೋನಿಗೆ ಆ ಮಾತು ಹೇಳಿದ.

ಮರುದಿನ ಇಂದುಮತಿಯವರು ಓಡುತ್ತ ಬಂದರು. “ಸಿಕ್ಕಳೋ. ನಿನ್ನ ದನಿ ಸ್ಪೀಕರಿನಾಗ ಹಾಕಿದ್ರಂತ. ಪೊದಿಯಿಂದ ಎದ್ದು ಬಂದು ತಾನ ಬೋನಿನಾಗ ಹೋಗಿ ಕುಂತ್ಲಂತ. ಹಿಮಕ್ಕ ಹಿಂಗಾಲಿನ ಎರಡು ಬೆರಳು ಹ್ವಾದವು. ಜೀವ ಉಳೀತು.” ಅವರ ಕಣ್ಣಲ್ಲಿ ನೀರಿತ್ತು.

ಫಕೀರಪ್ಪ ನೆಲ ನೋಡುತ್ತಿದ್ದ. “ಕುಂತು ನನ್ನ ಹುಡುಕಿರಬೇಕು” ಎಂದ. “ಮದಲನೇ ಸುಳ್ಳು ನಿಮ್ಮದಿತ್ತು ಅಕ್ಕಾರ. ಇದು ನಂದಾತು.”

ಇಂದುಮತಿಯವರು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟರು.

ಮಾತಿನಂತೆ ನಾಲ್ಕು ನಾಯಿಗಳೂ ಆಮೇಲೆ ಹೋದವು, ಬೇರೆ ಪೆಟ್ಟಿಗೆಗಳಲ್ಲಿ. ಅವುಗಳನ್ನೂ ಫಕೀರಪ್ಪನೇ ಪಳಗಿಸಿದ, ಬರೀ ಸಿಳ್ಳೆ ಹಾಕಿ. ಆ ಮಾತನ್ನು ಅವನು ಮತ್ತೆ ಯಾವ ನಾಯಿಗೂ ಹೇಳಲಿಲ್ಲ.

ಕೊಂಡಿ ಮುರಿದ ನಾನು ಈಗ ತಗಡಿನ ಶೆಡ್ಡಿನ ಮೂಲೆಯಲ್ಲಿದ್ದೇನೆ. ತಲೆಯ ಮೇಲೆ ಅಕ್ಕಿನುಚ್ಚಿನ ಚೀಲ, ಒಳಗೆ ಹಳೆಯ ಬಟ್ಟಲುಗಳು. ನನ್ನ ಕಿಂಡಿಗಳಲ್ಲಿ ಬೂದಿಯ ಒಂದೆರಡು ಕೂದಲು ಇನ್ನೂ ಸಿಕ್ಕಿಕೊಂಡಿವೆ. ನನ್ನನ್ನು ಮನೆ ಎಂದು ನಂಬಿದ್ದು ಲೋಕದಲ್ಲಿ ಅದೊಂದೇ ಜೀವ. ಆ ನಂಬಿಕೆ ಇದ್ದದ್ದರಿಂದಲೇ ಬೂದಿಯನ್ನು ಹಿಡಿಯುವುದು ಅಷ್ಟು ಸುಲಭವಾಯಿತು.