ಗುಲಾಬಿ ಟೈಲ್ಸಿನ ಕಕ್ಕಸು

ಮರ್ವ್ ಟ್ರ್ಯಾಂಟರ್ ಮನೆಯೊಳಗೇ ಕಕ್ಕಸು ಕಟ್ಟುತ್ತಿದ್ದಾನೆಂಬ ಸುದ್ದಿಗೆ ವಾಟಲ್ ಬೀದಿಯ ಜನ ಬಿದ್ದು ಬಿದ್ದು ನಕ್ಕರು. ನಗದೆ ಏನು ಮಾಡಿಯಾರು? ಸಿಡ್ನಿಯ ಪಶ್ಚಿಮದ ಆ ತುದಿಯಲ್ಲಿ ಒಳಚರಂಡಿ ಎಂಬುದೇ ಇರಲಿಲ್ಲ. ಎಲ್ಲರ ಮನೆಯ ಕಕ್ಕಸೂ ಹಿತ್ತಲ ಮೂಲೆಯ ತಗಡಿನ ಗೂಡು, ಅದರೊಳಗೊಂದು ಡಬ್ಬಿ. ವಾರಕ್ಕೊಮ್ಮೆ ಡಬ್ಬಿಯವನು ಬಂದು ತುಂಬಿದ್ದನ್ನು ಹೆಗಲ ಮೇಲೆ ಹೊತ್ತು, ಖಾಲಿಯದನ್ನು ಇಟ್ಟು ಓಡುತ್ತಿದ್ದ. ಕ್ರಿಸ್‌ಮಸ್ ವಾರ ಅವನಿಗೆಂದು ಮುಚ್ಚಳದ ಮೇಲೆ ಬಿಯರ್ ಬಾಟಲಿ ಇಡುವುದು ವಾಡಿಕೆ. ಇಡದ ಜಿಪುಣರ ಅಂಗಳದಲ್ಲಿ ಹೊಸ ವರ್ಷ ಹುಟ್ಟುತ್ತಲೇ ಅವನ ಕಾಲು ಜಾರುತ್ತಿತ್ತಂತೆ.

ಮರ್ವ್‌ಗೆ ತಲೆ ಕೆಟ್ಟಿರಲಿಲ್ಲ. ಅವನ ಹೆಂಡತಿ ನೊರೀನ್‌ಗೆ ನರದ ಕಾಯಿಲೆ. ಕಾಲುಗಳು ದಿನದಿಂದ ದಿನಕ್ಕೆ ಅವಳ ಮಾತು ಕೇಳುವುದನ್ನು ಬಿಡುತ್ತಿದ್ದವು. ಹಿತ್ತಲ ಗೂಡಿನವರೆಗೆ ಹೋಗಿ ಬರುವುದೇ ಅವಳಿಗೆ ಒಂದು ಯಾತ್ರೆ. ಮಲಗುವ ಕೋಣೆಯಲ್ಲೇ ಪಾತ್ರೆ ಇಟ್ಟುಕೊಳ್ಳೋಣವೆಂದರೆ ಸುತರಾಂ ಒಪ್ಪಲಿಲ್ಲ.

"ನನ್ ಹೊಲಸನ್ನ ನೀನು ಹೊತ್ತು ಹಾಕೋದು ನೋಡ್ಕೊಂಡು ನಾನು ಬದುಕ್ಬೇಕಾ? ಅದಕ್ಕಿಂತ ಆಶ್ರಮಕ್ಕೆ ಸೇರ್ಸು," ಎಂದಿದ್ದಳು. ಮನೆಗೆ ಬರುವ ನರ್ಸಮ್ಮನೂ ಅದನ್ನೇ ಬೇರೆ ಮಾತಿನಲ್ಲಿ ಹೇಳಿ ಹೋಗಿದ್ದಳು: ಒಳಗೆ ವ್ಯವಸ್ಥೆ ಆದರೆ ನೊರೀನ್ ಮನೆಯಲ್ಲಿ ಇರಬಹುದು, ಆಗದಿದ್ದರೆ ಓಡಾಡಲಾಗದವರನ್ನು ನೋಡಿಕೊಳ್ಳುವ ಆಶ್ರಮವೇ ಗತಿ. ಅಂಟುಮಣ್ಣಿನ ಆ ನೆಲದಲ್ಲಿ ಗುಂಡಿ ತೋಡಿದರೆ ನೀರು ಇಂಗುವುದಿಲ್ಲ. ಒಳಚರಂಡಿ ಬರಬೇಕು, ಅಷ್ಟೆ.

ಅದನ್ನು ತರುತ್ತೇನೆಂದು ಎದೆ ತಟ್ಟಿ ಹೇಳಿದ್ದವನು ಆಗಿನ ಪ್ರಧಾನಿ. ಆಳೆತ್ತರಕ್ಕಿಂತ ಎತ್ತರ, ಬೀದಿಯಲ್ಲಿ ಎಲ್ಲರ ಬಾಯಲ್ಲೂ 'ಉದ್ದಣ್ಣ'. ಮರ್ವ್ ಕೇಳಿದ ಮಟ್ಟಿಗೆ ಪ್ರಧಾನಿಗಳು ಯುದ್ಧದ ಬಗ್ಗೆ, ರಾಣಿಯ ಬಗ್ಗೆ, ಕುರಿಯ ಉಣ್ಣೆಯ ಬಗ್ಗೆ ಮಾತಾಡುತ್ತಿದ್ದರು. ಬಡವರ ಕಕ್ಕಸಿನ ಬಗ್ಗೆ ಬಾಯಿ ಬಿಟ್ಟವನು ಈತನೊಬ್ಬನೇ. ಪಕ್ಕದ ಮನೆಯ ವಿನ್ಸ್ ಝಮ್ಮಿತ್, ಮಾಲ್ಟಾದಿಂದ ಬಂದು ಕೋಳಿ ಸಾಕಿಕೊಂಡಿದ್ದವನು, ಮಗಳು ಫೀಸಿಲ್ಲದೆ ಯೂನಿವರ್ಸಿಟಿ ಸೇರಿದ ದಿನ ಉದ್ದಣ್ಣನ ಪಟವನ್ನು ಮೇರಿ ಮಾತೆಯ ಪಕ್ಕದಲ್ಲೇ ನೇತುಹಾಕಿದ. ನೊರೀನ್‌ಳ ಆಸ್ಪತ್ರೆ ಬಿಲ್ಲೂ ನಿಂತಿತು. ಆದರೆ ಅದೇ ಸರ್ಕಾರ ಹೊರದೇಶದ ಮಾಲಿನ ಮೇಲಿನ ಸುಂಕ ಇಳಿಸಿದ್ದೇ ಇಳಿಸಿದ್ದು, ಅಂಗಡಿಗಳಲ್ಲಿ ಅಗ್ಗದ ಕಾಲುಚೀಲಗಳು ರಾಶಿ ಬಿದ್ದವು. ಮರ್ವ್ ಯಂತ್ರ ರಿಪೇರಿ ಮಾಡುತ್ತಿದ್ದ ಕಾಲುಚೀಲದ ಕಾರ್ಖಾನೆ ಮೊದಲು ಅರ್ಧ ವಾರ ನಡೆಯಿತು, ಆಮೇಲೆ ಬಾಗಿಲು ಹಾಕಿತು.

ಕೈಗೆ ಕೆಲಸವಿಲ್ಲದ ಮರ್ವ್ ಕಕ್ಕಸು ಕಟ್ಟಲು ಕೂತ. ನೊರೀನ್‌ಳ ಇಷ್ಟದಂತೆ ಗೋಡೆಗೆ ಗುಲಾಬಿ ಟೈಲ್ಸು, ಹಿಡಿದು ಏಳಲು ಪಕ್ಕದಲ್ಲಿ ಕಬ್ಬಿಣದ ಸರಳು, ಮೇಲೆ ನೀರಿನ ತೊಟ್ಟಿ, ಅದಕ್ಕೆ ಸರಪಳಿ. ಎಲ್ಲ ಮುಗಿದ ದಿನ ಅವಳು ಲಂಗ ಸರಿಮಾಡಿಕೊಂಡು ಗಂಭೀರವಾಗಿ ಹೋಗಿ ಕೂತಳು.

"ಹೆಂಗಿದೀನಿ?"

"ರಾಣಿ ಪಟ್ಟಕ್ಕೆ ಕೂತಂಗೆ."

"ರಾಣಿ ಸರಪಳಿ ಎಳೆದ್ರೆ ನೀರು ಬರತ್ತೆ. ನಂದು?"

"ಬರತ್ತೆ ಕಣೇ. ಬೀದಿ ಮೂಲೇಲಿ ಪೈಪು ಬಂದು ಬಿದ್ದಿಲ್ವಾ?"

ನಿಜಕ್ಕೂ ಬಂದಿದ್ದವು. ಮಣ್ಣಿನ ಬಣ್ಣದ ದಪ್ಪ ದಪ್ಪ ಪೈಪುಗಳನ್ನು ಲಾರಿ ಸುರಿದು ಹೋಗಿತ್ತು. ಅಳತೆಯವರು ಪ್ರತಿ ಮನೆಯ ಮುಂದೆ ಗೂಟ ಬಡಿದು ಹೋಗಿದ್ದರು. ಮರ್ವ್‌ಗೆ ಆನಂದ ತಡೆಯಲಾಗಲಿಲ್ಲ. ಮನೆಯಿಂದ ಪೈಪು ಹಾಕಲು ತೋಡುವ ಕಾಲುವೆಗೆ ಹಿತ್ತಲ ಗೂಡು ಅಡ್ಡ ಬರುತ್ತದೆಂದು ಅವತ್ತೇ ಸಂಜೆ ಸುತ್ತಿಗೆ ತಂದು ಅದನ್ನು ಕೆಡವಿಹಾಕಿದ. ಡಬ್ಬಿಯನ್ನು ಇನ್ನೂ ದೂರದ ಸೌದೆ ಕೊಟ್ಟಿಗೆಗೆ ಸಾಗಿಸಿದ. ಬೇಲಿಯಾಚೆಯಿಂದ ವಿನ್ಸ್ ಕೂಗಿದ: "ಲೋ, ಮಗು ಹುಟ್ಟೋಕೆ ಮುಂಚೆ ಹಳೇ ತೊಟ್ಲು ಯಾಕೋ ಮುರೀತೀಯ?"

"ನಿನ್ ಉದ್ದಣ್ಣನ ಮೇಲೆ ನಿಂಗೇ ನಂಬಿಕೆ ಇಲ್ವಾ?" ಎಂದು ಮರ್ವ್ ನಕ್ಕ.

ನವೆಂಬರಿನ ಒಂದು ಮಧ್ಯಾಹ್ನ ರೇಡಿಯೋ ಹೇಳಿತು: ಇಂಗ್ಲೆಂಡಿನ ರಾಣಿಯ ಪ್ರತಿನಿಧಿಯಾದ ಗವರ್ನರ್ ಜನರಲ್ ಪ್ರಧಾನಿಯನ್ನು ಕಿತ್ತುಹಾಕಿದ್ದಾನೆ. ವಿನ್ಸ್ ಕೋಳಿಗಳಿಗೆ ಕಾಳು ಹಾಕುವುದನ್ನು ಬಿಟ್ಟು ಓಡಿ ಬಂದ. "ಜನ ಆರ್ಸಿದೋನ್ನ ಕಿತ್ತಾಕಕ್ಕೆ ಅವನ್ಯಾವನೋ?" ಎಂದು ಅಡುಗೆಮನೆಯಲ್ಲಿ ನಿಂತು ಕಣ್ಣೀರು ಹಾಕಿಕೊಂಡ. ಡಿಸೆಂಬರಿನಲ್ಲಿ ಮತ್ತೆ ಚುನಾವಣೆ ಬಂತು. ನಡೆಯಲಾಗದ ನೊರೀನ್ ಅಂಚೆಯಲ್ಲಿ ವೋಟು ಹಾಕಿದಳು, ಉದ್ದಣ್ಣನ ಪಕ್ಷಕ್ಕೇ. ಲಕೋಟೆಯನ್ನು ಅಂಚೆ ಡಬ್ಬಕ್ಕೆ ಹಾಕಿ ಬಂದವನು ಮರ್ವ್. "ನಂದು ಆಯ್ತು. ನಿಂದು ಶನಿವಾರ. ನಮ್ ಪೈಪಿಗೆ ಎರಡು ವೋಟು," ಎಂದಳು.

ಶನಿವಾರ ವೋಟು ನಡೆಯುತ್ತಿದ್ದ ಶಾಲೆಯ ಗೇಟಿನಲ್ಲಿ ವಿನ್ಸ್ ಉದ್ದಣ್ಣನ ಪಕ್ಷದ ಚೀಟಿ ಹಂಚುತ್ತಿದ್ದ. ಮರ್ವ್ ಚೀಟಿ ತೆಗೆದುಕೊಂಡ, ಅವನ ಭುಜ ತಟ್ಟಿದ, ಒಳಗೆ ಹೋದ. ರಟ್ಟಿನ ಮರೆಯಲ್ಲಿ ಪೆನ್ಸಿಲು ಹಿಡಿದು ನಿಂತಾಗ ಕಾರ್ಖಾನೆಯ ಫೋರ್‌ಮನ್ ಹೇಳಿದ್ದು ನೆನಪಾಯಿತು: ಎದುರು ಪಕ್ಷದವರು ಬಂದರೆ ಸುಂಕ ಮತ್ತೆ ಏರುತ್ತದೆ, ಯಂತ್ರಗಳು ಓಡುತ್ತವೆ. ಪೈಪುಗಳಂತೂ ಬಂದು ಬಿದ್ದಿವೆ. ನೆಲದ ಮೇಲಿರುವ ಪೈಪನ್ನು ಯಾರಾದರೂ ವಾಪಸು ಒಯ್ಯುತ್ತಾರೆಯೇ? ಯಾರು ಬಂದರೂ ಕೆಲಸ ಮುಗಿಸಲೇಬೇಕು. ಕಕ್ಕಸೂ ಆಗುತ್ತದೆ, ಕೆಲಸವೂ ಸಿಗುತ್ತದೆ. ಎರಡನ್ನೂ ಬಯಸುವುದು ತಪ್ಪೇ? ಮರ್ವ್ ಎದುರು ಪಕ್ಷದವನ ಹೆಸರಿನ ಮುಂದೆ ಮೊದಲ ಆಯ್ಕೆಯ ಗುರುತಾಗಿ ಒಂದು ಎಂದು ಬರೆದ. ಹೊರಬಂದಾಗ ವಿನ್ಸ್ ಕಣ್ಣು ಮಿಟುಕಿಸಿದ. ಮರ್ವ್ ಕೂಡ ಮಿಟುಕಿಸಿದ. ಆ ಮಿಟುಕು ಅವನನ್ನು ಬಹಳ ದಿನ ಕಾಡಿತು.

ಉದ್ದಣ್ಣ ನೆಲಕಚ್ಚಿದ. ಆ ಕ್ರಿಸ್‌ಮಸ್‌ಗೆ ಮರ್ವ್ ಸೌದೆ ಕೊಟ್ಟಿಗೆಯಲ್ಲಿ ಮತ್ತೆ ಬಿಯರ್ ಇಟ್ಟ. ಡಬ್ಬಿಯವನು ಬಾಟಲಿ ಎತ್ತಿಕೊಂಡು, "ಹೋದ್ ವರ್ಷ ಇದೇ ಕೊನೇದು ಅಂದಿದ್ಯಲ್ಲಪ್ಪ?" ಎಂದು ಹಲ್ಲು ಕಿರಿದ.

ಹೊಸ ಸರ್ಕಾರ ಖರ್ಚಿಗೆ ಕತ್ತರಿ ಹಾಕಿತು. ಮೇ ಮುಗಿದು ಅಲ್ಲಿನ ಚಳಿಗಾಲ ಶುರುವಾಗುವ ಹೊತ್ತಿಗೆ ಅದೇ ಲಾರಿ ಬಂದು, ಮೂಲೆಯ ಪೈಪುಗಳನ್ನು ಒಂದೊಂದಾಗಿ ಹೇರಿಕೊಂಡು ಹೋಯಿತು. ಮರ್ವ್ ಬಾಗಿಲಲ್ಲಿ ನಿಂತು ನೋಡಿದ. ಕಾರ್ಖಾನೆಯೂ ತೆರೆಯಲಿಲ್ಲ; ಯಂತ್ರಗಳನ್ನು ಗುಜರಿಗೆ ಹಾಕಿದರು.

ಜೂನ್‌ನಲ್ಲಿ ಮರ್ವ್ ಕೆಲಸ ಕೇಳಲು ಪೇಟೆಗೆ ಹೋಗಿದ್ದಾಗ ನೊರೀನ್ ಸೌದೆ ಕೊಟ್ಟಿಗೆಗೆ ಹೊರಟು ಚಳಿಗೆ ಇಬ್ಬನಿ ಹೆಪ್ಪುಗಟ್ಟಿದ್ದ ಹುಲ್ಲಿನ ಮೇಲೆ ಜಾರಿದಳು. ಹಳೇ ಗೂಡು ಇದ್ದಿದ್ದರೆ ಅಷ್ಟು ದೂರ ಹೋಗಬೇಕಿರಲಿಲ್ಲ. ವಿನ್ಸ್ ಕಾಣುವವರೆಗೆ ಅಲ್ಲೇ ಬಿದ್ದಿದ್ದಳು. ಸೊಂಟ ಮುರಿದಿತ್ತು. ಆಸ್ಪತ್ರೆಯವರು ಮನೆಗೆ ಕಳಿಸಲಿಲ್ಲ, ನೇರ ಆಶ್ರಮಕ್ಕೆ ಕಳಿಸಿದರು.

ಮೊದಲ ಭಾನುವಾರವೇ ಮರ್ವ್ ಹೋದ. ಎಲ್ಲವನ್ನೂ ಹೇಳಿಬಿಡಬೇಕೆಂದು ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ನೊರೀನ್ ಗಾಲಿಕುರ್ಚಿಯಲ್ಲಿದ್ದಳು. "ಬಾ, ಒಂದು ತೋರಿಸ್ತೀನಿ," ಎಂದು ಮೂಲೆಯ ಬಾಗಿಲಿಗೆ ತಳ್ಳಿಸಿಕೊಂಡು ಹೋದಳು. ಬಿಳಿ ಕಕ್ಕಸು, ಪಕ್ಕದಲ್ಲಿ ಸರಳು, ಮೇಲೆ ಸರಪಳಿ. ಅವಳು ಕೈಚಾಚಿ ಎಳೆದಳು. ನೀರು ಭೋರೆಂದು ಇಳಿಯಿತು.

"ನೋಡ್ದಾ, ಎಷ್ಟು ಸಲೀಸು," ಎಂದಳು. ಕಣ್ಣು ತುಂಬಿಕೊಂಡಿತ್ತು. "ನಮ್ಮನೇದು ಇದಕ್ಕಿಂತ ಚೆನ್ನಾಗಿತ್ತು. ಟೈಲ್ಸು ಒರೆಸ್ತಿದೀಯಾ?"

"ಒರೆಸ್ತಿದೀನಿ."

"ಒಂದು ಸಮಾಧಾನ ಕಣೋ ಮರ್ವ್. ರಾತ್ರಿ ನಿದ್ದೆ ಬರದಿದ್ರೆ ಅದನ್ನೇ ಅಂದ್ಕೋತೀನಿ. ಹಿಂಗೆ ಮಾಡಿದೋರು ಬೇರೆ ಯಾರೋ. ನಾವಲ್ಲ. ನಮ್ಮಿಬ್ರ ವೋಟು ಸರಿಯಾಗೇ ಬಿತ್ತು. ಅಲ್ವಾ?"

ತೊಟ್ಟಿ ಮತ್ತೆ ತುಂಬುವ ಸದ್ದು ಕೇಳುತ್ತಿತ್ತು. ಅವಳ ಬಳಿ ಉಳಿದಿದ್ದ ಒಂದೇ ಒಂದು ಸಮಾಧಾನವನ್ನು ಕಿತ್ತುಕೊಳ್ಳಲು ಮರ್ವ್‌ನಿಂದ ಆಗಲಿಲ್ಲ.

"ಹೂಂ," ಎಂದ. ಕುರ್ಚಿಯನ್ನು ಹಿಂದಕ್ಕೆ ತಿರುಗಿಸಿದ. ಇನ್ನು ಪ್ರತಿ ಭಾನುವಾರವೂ ಅವನು ಇಲ್ಲಿಗೆ ಬರಬೇಕು, ಅವಳು ಕೇಳಿದಾಗಲೆಲ್ಲ ಹೂಂ ಅನ್ನಬೇಕು.